ಕಾಲು ಮುಂದಾಗಿ ಹೋಗುವ ಗಾಡಿ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಕಿವಿ ಕೇಳುತ್ತಿದ್ದ ಕಾಲದಲ್ಲಿ, ಹೊಳೆಸಾಲು ಎಂಬ ರಾಜ್ಯವಿತ್ತು. ಅಲ್ಲಿಯ ಜನ ತುಂಬ ಮರ್ಯಾದಸ್ಥರು. ಬಿಳಿ ಗಡ್ಡ ಕಂಡರೆ ಸಾಕು, ಅಡ್ಡಬೀಳುತ್ತಿದ್ದರು. ಗಡ್ಡದ ಹಿಂದೆ ಯಾರಿದ್ದಾರೆ ಎಂಬುದನ್ನು ಆಮೇಲೆ ವಿಚಾರಿಸುತ್ತಿದ್ದರು.

ಇದನ್ನು ಚೆನ್ನಾಗಿ ತಿಳಿದ ಮಾಯಾವಿಯೊಬ್ಬ ಗಡ್ಡ ಬಿಟ್ಟುಕೊಂಡು ಕಲ್ಲುಬೆಟ್ಟದ ಮೇಲೆ ಕೂತ. ಜನ ಅವನನ್ನು ಅಜ್ಜಯ್ಯ ಎಂದರು. ಅವನು ವರ್ಷಕ್ಕೊಬ್ಬರನ್ನು ಆಶೀರ್ವಾದಕ್ಕೆ ಕರೆಯುತ್ತಿದ್ದ. ಹೋದವರು ಬರುತ್ತಿರಲಿಲ್ಲ. ‘ಆಶೀರ್ವಾದ ಅಷ್ಟು ಬಲವಾಗಿದೆ’ ಎಂದು ಜನ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಆ ವರ್ಷ ಕರೆ ಬಂದದ್ದು ನೇಕಾರರ ಹುಡುಗ ಚೆಲುವಯ್ಯನಿಗೆ. ಅವನು ಹೋದ. ಅವನ ಹೆಗಲ ಮೇಲೆ ಕೂತು ಹೋಗಿದ್ದ ಗಿಳಿ ಮಾತ್ರ ಹಾರಿಬಂದು ಅವನ ಅಕ್ಕ ದೇವೀರಿಯ ಮಗ್ಗದ ಮೇಲೆ ಕೂತಿತು.

‘ಚೆಲುವಯ್ಯ ಬಗ್ಗಿದ, ಕಲ್ಲಾದ,’ ಎಂದಿತು ಗಿಳಿ. ‘ಆ ಅಂಗಳದಲ್ಲಿ ಬಗ್ಗಿದವರೆಲ್ಲ ಕಲ್ಲು. ಆ ಕಲ್ಲುಗಳಿಂದಲೇ ಅವನು ಕೋಟೆ ಕಟ್ಟುತ್ತಿದ್ದಾನೆ. ಇನ್ನೊಂದು ಕಲ್ಲು ಸಿಕ್ಕರೆ ಮುಗಿಯಿತು, ಇಡೀ ಕೋಟೆಗೆ ಗಾರೆ ಮೆತ್ತುತ್ತಾನೆ. ಗಾರೆ ಒಣಗಿದರೆ ಯಾರೂ ಮತ್ತೆ ಮನುಷ್ಯರಾಗುವುದಿಲ್ಲ.’

‘ಅಲ್ಲಿ ಯಾರು ಬಗ್ಗಿದರೂ ಕಲ್ಲೇನಾ?’

‘ಯಾರು ಬಗ್ಗಿದರೂ.’

ದೇವೀರಿ ಲಾಳಿ ಕೆಳಗಿಟ್ಟು ಎದ್ದಳು.

ಬೆಟ್ಟಕ್ಕೆ ಹೋಗಿ ಮರಳಿ ಬಂದವರು ರಾಜ್ಯದಲ್ಲಿ ಒಬ್ಬರೇ ಇದ್ದರು: ರಾಜನ ಸೋದರತ್ತೆ ನಂಜಮ್ಮಣ್ಣಿ. ಅರಮನೆಯ ಹಿತ್ತಿಲ ಕಡೆ ಎಲೆ ಅಡಿಕೆ ಜಗಿಯುತ್ತ ಇದ್ದರು. ದೇವೀರಿ ಅವರನ್ನೇ ಹೋಗಿ ಕೇಳಿದಳು.

‘ನನ್ನ ಮಂಡಿ ಆಗಲೇ ಹಾಳಾಗಿತ್ತು ಕಣೆ. ಮಲಗಿಕೊಂಡು ತುಳಿಯೋ ಗಾಡೀಲಿ ಹೋಗಿದ್ದೆ. ಬಗ್ಗು ಅಂದ, ಮಂಡಿ ಬಗ್ಗಲ್ಲ ಅಂದೆ. ಹಾಗಾದರೆ ಹೋಗಾಚೆ ಅಂದ. ಬಂದೆ. ಭಕ್ತಿ ಇಲ್ಲದವಳು ಅಂತ ಇವರೆಲ್ಲ ಬೈದು ಗಾಡೀನ ಆನೆಲಾಯಕ್ಕೆ ಎಸೆದರು.’

ದೇವೀರಿ ಗಾಡಿ ಕೇಳಿದಾಗ ರಾಜ ಮುಖ ಸಿಂಡರಿಸಿದ. ‘ಅದರಲ್ಲಿ ಕಾಲು ಮುಂದೆ, ತಲೆ ಹಿಂದೆ. ಹಾಗೆ ಹೋಗೋದು ಹೆಣ ಮಾತ್ರ.’

‘ಬುದ್ಧಿ, ಬೆಟ್ಟಕ್ಕೆ ನೆಟ್ಟಗೆ ನಡೆದು ಹೋದವರು ಯಾರೂ ಬಂದಿಲ್ಲ. ಮಲಗಿ ಹೋದವರು ಬಂದಿದ್ದಾರೆ.’

ಅಷ್ಟು ಹೇಳಿದವಳೇ ಆನೆಲಾಯಕ್ಕೆ ನಡೆದಳು.

ಹುಲ್ಲಿನ ಮೆದೆಯ ಕೆಳಗೆ ಗಾಡಿ ಸಿಕ್ಕಿತು. ಮುಂದೆ ಎರಡು ಗಾಲಿ, ಹಿಂದೆ ಒಂದು. ನಡುವೆ, ನೆಲಕ್ಕೆ ಗೇಣು ಎತ್ತರದಲ್ಲಿ, ಒರಗುವ ಪೀಠ. ಮೂತಿಯಲ್ಲಿ ಪೆಡಲು. ಅಲ್ಲಿಂದ ಹಿಂದಿನ ಗಾಲಿಯವರೆಗೆ ಹಾವಿನಷ್ಟು ಉದ್ದದ ಸರಪಳಿ, ಪೂರ್ತಿ ತುಕ್ಕು. ದೇವೀರಿ ಹುಣಸೆಹುಳಿ, ಬೂದಿ ಹಾಕಿ ಉಜ್ಜಿದಳು. ಸರಪಳಿಯನ್ನು ಹರಳೆಣ್ಣೆಯಲ್ಲಿ ನೆನೆಹಾಕಿದಳು. ಒಂದು ಕೊಂಡಿ ಸವೆದಿತ್ತು, ಬದಲಿಗೆ ಬೇರೆ ಸಿಗಲಿಲ್ಲ. ಗೆದ್ದಲು ತಿಂದ ಪೀಠಕ್ಕೆ ಹೊಸ ಹುರಿ ಹೆಣೆದಳು.

ನೋಡಲು ಬಂದ ನಂಜಮ್ಮಣ್ಣಿ ಪೀಠವನ್ನು ಬೆರಳಲ್ಲಿ ಒತ್ತಿ ನೋಡಿದರು. ‘ಇಷ್ಟು ಸಡಿಲ ಹೆಣೆದರೆ ಸೊಂಟ ಹೂತುಹೋಗುತ್ತೆ. ಏಳಬೇಕಾದರೆ ಯಾರಾದರೂ ಕೈ ಹಿಡಿದು ಎಳೆಯಬೇಕು.’

‘ಬೇಕೂಂತಲೇ ಹೆಣೆದೆ ಅಮ್ಮಣ್ಣಿ. ನಾನೂ ಈ ಊರಿನವಳೇ ತಾನೆ. ಗಡ್ಡ ಕಂಡರೆ ನನ್ನ ಬೆನ್ನು ನನ್ನ ಮಾತು ಕೇಳಲ್ಲ.’

ಮರುದಿನ ಬೆಳಿಗ್ಗೆ ದೇವೀರಿ ಹೊರಟಳು. ಮಗ್ಗ ತುಳಿದ ಕಾಲುಗಳಿಗೆ ಪೆಡಲು ಹೊಸದೇನಲ್ಲ. ಮೊಣಕೈ ಪಕ್ಕದಲ್ಲೇ ಹುಲ್ಲು ಓಡುತ್ತಿತ್ತು, ಕಣ್ಣ ತುಂಬ ಆಕಾಶ. ‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಹಾಸಿಗೇನೇ ಓಡಿದರೆ?’ ಎಂದುಕೊಂಡು ನಕ್ಕಳು.

ಕರೆ ಬಂದವರಿಗೆ ದಾರಿ ಬಿಡುತ್ತಿದ್ದ ಬೆಟ್ಟದ ಕಾವಲು, ಕರೆಯದೆ ಬಂದವರನ್ನು ಬಿಡುತ್ತಿರಲಿಲ್ಲ. ಮೊದಲು ಬಯಲಿನಲ್ಲಿ ಕಂಚಿನ ಹದ್ದು ಬಂತು. ಆಡಿಗಿಂತ ಎತ್ತರದ್ದು ಏನು ಬಂದರೂ ಕುಕ್ಕುವುದು ಅದರ ಕೆಲಸ. ಅದು ಮೇಲಿನಿಂದ ಎರಗಿತು. ದೇವೀರಿ ತಲೆಯನ್ನು ಇನ್ನಷ್ಟು ಹಿಂದಕ್ಕೆ ಒರಗಿಸಿದಳು. ಕೊಕ್ಕು ಮೂಗಿನ ಮೇಲೆ ಗಾಳಿಯನ್ನಷ್ಟೇ ಕಚ್ಚಿಕೊಂಡು ಹೋಯಿತು.

‘ನೀನು ನಡೆಯೋದೋ ತೆವಳೋದೋ?’ ಹದ್ದು ಕೂಗಿತು.

‘ಎರಡೂ ಅಲ್ಲ. ನಿನ್ನ ಕೆಲಸ ನೋಡಿಕೋ.’

ಆಮೇಲೆ ಬೇರುಭೂಮಿ. ಅಲ್ಲಿ ಕಾಲಿಟ್ಟವರ ಅಂಗಾಲಿನಿಂದ ಬೇರು ಇಳಿಯುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಸರಿಯಾಗಿ ಅಲ್ಲಿಯೇ ಸವೆದ ಕೊಂಡಿ ಬಿಟ್ಟುಕೊಂಡು ಸರಪಳಿ ಜಾರಿ ಜೋತುಬಿತ್ತು. ಪೆಡಲು ಬರಿದೇ ತಿರುಗಿತು, ಗಾಡಿ ನಿಂತಿತು. ಕೂತಲ್ಲಿಂದಲೇ ನೆಲ ಒದ್ದು ತಳ್ಳೋಣ ಎಂದು ಕಾಲು ಚಾಚಿದವಳು ತಕ್ಷಣ ಎಳೆದುಕೊಂಡಳು. ಕಾಲು ಇಡಬಾರದು ಸರಿ. ಕೈಗೇನು? ಎರಡೂ ಪಕ್ಕದ ಗಾಲಿಗಳನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದಳು. ಅಂಗೈ ಸುಲಿಯಿತು. ಗಾಡಿ ಮಾತ್ರ ನಡೆಯಿತು. ಗಟ್ಟಿನೆಲ ಸಿಕ್ಕಮೇಲೆ ಕೂತಲ್ಲಿಂದಲೇ ಸರಪಳಿ ಎಳೆದುಕೊಂಡು, ಸೆರಗಿನ ಅಂಚು ಹರಿದು, ಹೊಸೆದು, ಕೊಂಡಿಯ ಜಾಗಕ್ಕೆ ನೇಕಾರರ ಗಂಟು ಹಾಕಿದಳು. ಅದು ಬೆಟ್ಟದ ತುದಿಯವರೆಗೆ ಬಂತು.

ಅಂಗಳದಲ್ಲಿ ಗಾರೆ ಕಲಸಿಟ್ಟಿತ್ತು. ಗೋಡೆಯ ತುಂಬ ಬಗ್ಗಿದ ಕಲ್ಲುಗಳು. ಕೊನೆಯ ಸಾಲಿನಲ್ಲಿ ಚೆಲುವಯ್ಯ, ಅವನ ಪಕ್ಕ ಒಂದು ಖಾಲಿ ಜಾಗ. ಮಾಯಾವಿ ಗಡ್ಡ ನೀವಿಕೊಂಡು ಮುಂದೆ ಬಂದ.

ದೇವೀರಿಯ ಕೈ ತಾನಾಗಿ ಮುಗಿಯಿತು, ಕತ್ತು ತಾನಾಗಿ ಮುಂದಕ್ಕೆ ಬಂತು. ಆದರೆ ಸೊಂಟ ಹುರಿಯೊಳಗೆ ಹೂತಿತ್ತು. ಬೆನ್ನು ಮೇಲೇಳಲೇ ಇಲ್ಲ.

‘ಹಿರಿಯರಿಗೆ ಅಂಗಾಲು ತೋರಿಸ್ತೀಯಾ? ಎದ್ದು ಅಡ್ಡಬೀಳು,’ ಎಂದ ಮಾಯಾವಿ.

‘ಎದ್ದರೆ ತಾನೆ ಅಜ್ಜಯ್ಯ ಬೀಳೋಕಾಗೋದು,’ ಎಂದಳು ದೇವೀರಿ. ‘ನೋಡಿ, ಒದ್ದಾಡ್ತಿದ್ದೀನಿ. ಒಂಚೂರು ಕೈ ಕೊಡಿ.’

ಅವನ ಕಣ್ಣು ಗಾರೆಯ ಕಡೆ ಹೋಯಿತು, ಗೋಡೆಯ ಖಾಲಿ ಜಾಗದ ಕಡೆ ಹೋಯಿತು. ಅಷ್ಟು ವರ್ಷ ಎಲ್ಲರೂ ಅವನ ಕಾಲು ಹಿಡಿದಿದ್ದರೇ ಹೊರತು ಕೈ ಕೇಳಿದವರಿರಲಿಲ್ಲ. ಕೈ ಚಾಚಿದ. ನಿಲುಕಲಿಲ್ಲ, ಗಾಡಿ ಅಷ್ಟು ತಗ್ಗು.

‘ಇನ್ನೂ ಸ್ವಲ್ಪ, ಅಜ್ಜಯ್ಯ.’

ಮಾಯಾವಿ ಬಗ್ಗಿದ. ಬಗ್ಗಿದ ಹಾಗೇ ಕಲ್ಲಾದ, ಗಡ್ಡದ ತುದಿ ಅವಳ ಪಾದದ ಮೇಲೆ.

ಕೋಟೆ ಕೆಮ್ಮಿತು. ಗೋಡೆಯಿಂದ ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡು ನೆಟ್ಟಗಾದರು. ಚೆಲುವಯ್ಯ ಧೂಳು ಕೊಡವಿಕೊಂಡು ಓಡಿಬಂದ.

‘ಅಕ್ಕಾ, ಇದೇನೇ, ಮಲಗಿಕೊಂಡೇ ಬಂದಿದ್ದೀಯಾ?’

‘ಮೊದಲು ನನ್ನ ಎಬ್ಬಿಸೋ, ಆಮೇಲೆ ಮಾತಾಡು.’

ಕಲಸಿಟ್ಟಿದ್ದ ಗಾರೆಯಲ್ಲಿ ಜನ ಬೆಟ್ಟದ ಬಾವಿಗೆ ಕಟ್ಟೆ ಕಟ್ಟಿ, ಹದ್ದಿನ ಎದುರೇ ಊರಿಗೆ ಇಳಿದರು. ಯಜಮಾನ ಕಲ್ಲಾದ ಮೇಲೆ ಅದಕ್ಕೂ ಕೆಲಸವಿರಲಿಲ್ಲ, ಬೇರುಭೂಮಿಗೂ ಇರಲಿಲ್ಲ. ಗಾಡಿಯನ್ನು ಈಗ ವಾರಕ್ಕೊಮ್ಮೆ ನಂಜಮ್ಮಣ್ಣಿ ರಾಜಬೀದಿಯಲ್ಲಿ ಓಡಿಸುತ್ತಾರೆ, ಕಾಲು ಮುಂದಾಗಿ. ರಾಜ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಹೊಳೆಸಾಲಿನವರು ಇವತ್ತಿಗೂ ಹಿರಿಯರಿಗೆ ಬಗ್ಗುತ್ತಾರೆ. ಅದಕ್ಕೂ ಮುಂಚೆ, ‘ಅಜ್ಜಯ್ಯ, ಒಂಚೂರು ಕೈ ಕೊಡ್ತೀರಾ?’ ಎಂದು ಕೇಳಿ ನೋಡುತ್ತಾರೆ. ಕೊಟ್ಟವರ ಮನೆಯಲ್ಲಿ ಉಂಡು, ನಕ್ಕು, ಸುಖವಾಗಿದ್ದಾರೆ.