ಸಾಲ್ವೊರ್ ರಾಣಿ ಕಡಿದ ಕಂಬ

"ಅದನ್ನ ಮುಟ್ಟಬೇಡ ಕಣೇ. ತಾನಾಗೇ ಕೊಳೆತು ಬೀಳ್ಲಿ."

ಅತ್ತೆ ಯೋರುನ್ ಸೊಸೆ ಸಾಲ್ವೊರಳ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ ಒಂದು ಕಂಬ. ಅದರ ಮೇಲೆ ಕಡಿದ ಕುದುರೆಯ ತಲೆ, ಬಾಯಿ ತೆರೆದುಕೊಂಡು ಅರಮನೆಯತ್ತಲೇ ನೋಡುತ್ತಿತ್ತು. ಡೆನ್ಮಾರ್ಕಿನ ರಾಜಪುತ್ರಿಯಾದ ಈ ಸಾಲ್ವೊರಳ ಕೈಹಿಡಿಯಲು ಯೋರುನಳ ಮಗ, ನಾರ್ವೆಯ ದೊರೆ ಹಾಲ್ವಾರ್ಡ್, ಮೊದಲ ಹೆಂಡತಿ ಗೀರಿಡಳನ್ನು ಹೊರಹಾಕಿದ್ದ. ಅವಳು ತನ್ನ ಸವಾರಿಯ ಕುದುರೆಯನ್ನೇ ಕಡಿದು, ಕಂಬದ ಮೇಲೆ ಮಾಟದ ಅಕ್ಷರ ಕೊರೆದು ನೆಟ್ಟು, ಅಲ್ಲಿಂದಲೇ ನೀರಿಗೆ ಹಾರಿದ್ದಳು.

"ಇದನ್ನ ಕೆಡವಿದೋರ ಒಡಹುಟ್ಟಿದೋರ ಮೈಮೇಲೆ ಬರ್ತೀನಿ ಅಂತ ಕೂಗ್ಕೊಂಡೇ ಹಾರಿದ್ಲು. ನನ್ನ ಕಿವಿಯಾರೆ ಕೇಳಿದೀನಿ."

ಸಾಲ್ವೊರ್ ನಕ್ಕಳು. "ಏನತ್ತೆ, ಸತ್ತ ಕುದುರೆ ಹಲ್ಲು ಕಿರಿದ್ರೆ ನಿಮ್ಮೂರ ಗಂಡಸ್ರಿಗೆಲ್ಲ ಚಳಿಜ್ವರಾನಾ? ನಮ್ಮೂರಲ್ಲಾಗಿದ್ರೆ ಪಾದ್ರಿಗಳು ಒಲೆಗೆ ಹಾಕಿಸ್ತಿದ್ರು."

ಅವಳು ತುಂಬು ಬಸುರಿ. ಆ ಹಲ್ಲುಗಳ ಎದುರು ಹೆರಲು ಅವಳಿಗೆ ಮನಸ್ಸಿರಲಿಲ್ಲ. ಕಾವಲುಗಾರನ ಕೊಡಲಿ ಕಸಿದುಕೊಂಡು ತಾನೇ ಬೀಸಿದಳು. ಕಂಬ ಮುರಿಯಿತು. ತಲೆ ಬಂಡೆಗೆ ಬಡಿದು, ಉರುಳಿ, ಅಲೆಯಲ್ಲಿ ಮುಳುಗಿತು. ಕೊಳೆತ ಮಾಂಸದ ನಾತ ಮಾತ್ರ ಅವಳ ಕೂದಲಿಗೆ ಅಂಟಿ ಮನೆಯವರೆಗೂ ಬಂತು.

ಮಧ್ಯಾಹ್ನ ಅವಳ ತಮ್ಮ ಟೋಕೆಯ ಹಡಗು ದಡ ಮುಟ್ಟಿತು. ತಾಯಿ ಸತ್ತ ಮೇಲೆ ಸಾಲ್ವೊರಳೇ ತುತ್ತಿಟ್ಟು ಸಾಕಿದ ಹುಡುಗ ಈಗ ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ ಬೆಳೆದಿದ್ದ. "ಅಕ್ಕ, ಎಷ್ಟು ದಪ್ಪ ಆಗಿದೀಯೆ!" ಎಂದು ಕೆನ್ನೆ ಹಿಂಡಿದ. ಹಾಲ್ವಾರ್ಡ್ ನಗುತ್ತ ಭಾವಮೈದುನನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಹಂದಿಮಾಂಸ ಬಂತು, ಜೇನಿನ ಮದ್ಯ ಬಂತು.

ಟೋಕೆ ಕೊಂಬಿನ ಲೋಟವನ್ನು ಬಾಯಿಗೆ ಇಟ್ಟವನು ತಟ್ಟನೆ ನಿಂತ. ಮೂಗಿನ ಹೊಳ್ಳೆಗಳು ಅರಳಿದವು. ಸಭೆಯೊಳಗೆ ಅದೇ ನಾತ.

"ಟೋಕೆ?"

ಅವನ ಗಂಟಲಿನಿಂದ ಕುದುರೆಯ ಕೆನೆತ ಹೊರಟಿತು.

ಅವನ ಸೊಂಟದಲ್ಲಿದ್ದ ಕೊಡಲಿ ಮೇಲೆದ್ದಿತು. ಹಾಲ್ವಾರ್ಡನ ನಗು ಮುಖದ ಮೇಲಿರುವಾಗಲೇ ಕತ್ತು ಸೀಳಿತು. ರಕ್ತ ಒಲೆಗೆ ಚಿಮ್ಮಿ ಚುರುಗುಟ್ಟಿತು. ಅಡ್ಡಬಂದ ಇಬ್ಬರು ಭಟರು ಕರುಳು ಹಿಡಿದುಕೊಂಡು ಬಿದ್ದರು. ಯೋರುನ್ ಮಗನ ಹೆಣದ ಮೇಲೆ ಬಿದ್ದು ಚೀರಿದಳು.

ಟೋಕೆ ಅಕ್ಕನತ್ತ ತಿರುಗಿದ. ಕಣ್ಣಲ್ಲಿ ಬಿಳಿಯೇ ಇಲ್ಲ. ಅವನು ನೋಡುತ್ತಿದ್ದುದು ಅವಳ ಹೊಟ್ಟೆಯನ್ನು.

"ಟೋಕೆ, ನಾನು ಕಣೋ! ನಿನ್ನಕ್ಕ!"

ಅವನು ಕೊಡಲಿ ಬೀಸಿದ. ಅವಳು ಬಾಗಿದಳು. ಬೆನ್ನು ಗೋಡೆಗೆ ತಾಗಿತು. ಕೈಗೆ ಮಾಂಸ ಕೊಯ್ಯುವ ಕತ್ತಿ ಸಿಕ್ಕಿತು. ಮತ್ತೆ ಕೆನೆತ. ಮುಖಕ್ಕೆ ಬಿಸಿ ಉಸಿರು. ತಿವಿದಳು. ಪಕ್ಕೆಲುಬಿನ ಕೆಳಗೆ, ಹಿಡಿಯವರೆಗೆ.

ಅವನು ಅವಳ ಮಡಿಲಿಗೇ ಕುಸಿದ. ನಾತ ಹೋಯಿತು. ಕಣ್ಣಿಗೆ ಬಿಳುಪು ಮರಳಿತು.

"ಅಕ್ಕ... ನೋಯ್ತಿದೆ. ಯಾರು ಚುಚ್ಚಿದ್ದು?"

ಅವಳು ಅವನ ತಲೆಯನ್ನು ಎದೆಗೊತ್ತಿಕೊಂಡಳು. "ಯಾರೋ ಕಣೋ. ಮಲಕ್ಕೊ."

ಅವನು ಮಲಗಿದ.

ವಾರ ಕಳೆಯುವ ಮೊದಲೇ ಗಂಡುಮಗು ಹುಟ್ಟಿತು. ಸತ್ತ ತಂದೆಯ ಹೆಸರನ್ನೇ ಮಗನಿಗೆ ಇಡುವುದು ಅಲ್ಲಿಯ ರೂಢಿ. ಯೋರುನ್ ಮೊಮ್ಮಗನನ್ನು ಎತ್ತಿಕೊಂಡು, "ಹೆಸರು ಹೇಳಮ್ಮ" ಎಂದಳು.

"ಟೋಕೆ" ಎಂದಳು ಸಾಲ್ವೊರ್.

ಯೋರುನ್ ಮಗುವನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿ ಹೊರಟುಹೋದಳು. ಮತ್ತೆಂದೂ ಅದನ್ನು ಎತ್ತಿಕೊಳ್ಳಲಿಲ್ಲ.