ಹಳ್ಳದ ತಿರುವಿನ ಬೂದು ಕೆಸರು

ಜೂನ್ ಹನ್ನೊಂದರ ಬೆಳಿಗ್ಗೆ ಆನೇಕಲ್ ಬಳಿಯ ಠಾಣೆಗೆ ಕೃಪಾ ಎಂಬಾಕೆ ಬಂದು ದೂರು ಕೊಟ್ಟಳು. ಗಂಡ ದೇವರಾಜ್ ಕಲ್ಲು ಕ್ವಾರಿಗೆ ಸೇರಿದ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ಮರಳು ಮಾಡುವ ಘಟಕದ ಸೂಪರ್‌ವೈಸರ್. ಹಿಂದಿನ ದಿನ ಕೆಲಸಕ್ಕೆ ಹೋದವನು ಮನೆಗೆ ಬಂದಿರಲಿಲ್ಲ. ಇನ್‌ಸ್ಪೆಕ್ಟರ್ ಸುಮಂಗಲಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಮುತ್ತಣ್ಣನೊಂದಿಗೆ ಹೊರಟರು.

ದೇವರಾಜನ ಬೈಕು ಘಟಕದಲ್ಲೇ ನಿಂತಿತ್ತು. ಕಲ್ಲುಪುಡಿ ತೊಳೆದ ನೀರನ್ನು ಈ ಹಿಂದೆ ಪಕ್ಕದ ಹಳ್ಳಕ್ಕೆ ಬಿಡುತ್ತಿದ್ದ ಪೈಪು ಒಣಗಿತ್ತು. ಘಟಕದಲ್ಲೆಲ್ಲೂ ಅವನು ಸಿಗದೆ ಸುಮಂಗಲಾ ಹಳ್ಳದ ದಂಡೆ ಹಿಡಿದು ಹುಡುಕುತ್ತ ನಡೆದರು. ಪೈಪಿನ ಬಾಯಲ್ಲಿ ಬಿದ್ದಿದ್ದ ದಪ್ಪ ಮರಳು ಮುಂದೆ ಹೋದಂತೆಲ್ಲ ಸಣ್ಣದಾಗುತ್ತ, ನೀರು ನಿಧಾನವಾಗುವ ತಿರುವಿನಲ್ಲಿ ಹಿಟ್ಟಿನಂಥ ಬೂದು ಕೆಸರಾಗಿ ಕೂತಿತ್ತು. ಎಷ್ಟೋ ಮಳೆಗಾಲಗಳು ತಂದು ಪೇರಿಸಿದ್ದು. ಮೇಲ್ಪದರ ಒಣಗಿ ಗಟ್ಟಿ ನೆಲದಂತೆ ಕಾಣುತ್ತಿತ್ತು. ಒಂದು ಕಡೆ ಮಾತ್ರ ಒಡೆದಿತ್ತು.

"ಕಾಲಿಡ್ಬೇಡಿ ಮೇಡಂ, ಎಳ್ಕೊಂಬುಡ್ತದೆ," ಎಂದ ಮುತ್ತಣ್ಣ. "ಓದ್ ವರ್ಸ ಒಂದೆಂಗ್ಸು ಇಲ್ಲೇ ಸಿಕ್ಕಾಕ್ಕೊಂಡು ಓಗಿದ್ದು. ಆ ಪೈಪಿನ ವಾಲ್ವ್ ತಿರುಗ್ಸೋ ಭೀಮಪ್ಪನ ಎಂಡ್ತಿ."

ಜೆಸಿಬಿ ತರಿಸಿ ದೇವರಾಜನ ಶವ ತೆಗೆಸಿದರು. ಪಂಚನಾಮೆಯಲ್ಲಿ ತಲೆಯ ಹಿಂಭಾಗಕ್ಕೆ ಕಬ್ಬಿಣದ ಪೆಟ್ಟು ಎಂದು ಬರೆದರು. ಘಟಕದಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ರಾಡು ಕಾಣೆಯಾಗಿತ್ತು.

ಭೀಮಪ್ಪ ತಗಡಿನ ಶೆಡ್ಡಿನಲ್ಲಿ ಕೂತಿದ್ದ. ರಾಯಚೂರು ಕಡೆಯವನು. ಓಡಿಹೋಗುವ ಯೋಚನೆಯೇ ಮಾಡಿದಂತಿರಲಿಲ್ಲ.

"ರಾಡ್ ಎಲ್ಲಿ?"

"ಅವ್ರನ್ನ ಹಾಕಿದಲ್ಲೇ ಹಳ್ಳದಾಗ ಒಗದೀನ್ರಿ."

"ಯಾಕೆ ಹೊಡೆದೆ?"

ಅವನು ಹಳ್ಳದ ತಿರುವಿನ ಕಡೆ ಕೈ ತೋರಿಸಿದ.

"ನನ್ನ ಹೆಂಡ್ತಿ ದ್ಯಾಮವ್ವ ಬಟ್ಟಿ ಒಗ್ಯಾಕ ಹೋಗಿ ಸಿಕ್ಕೊಂಡ್ಳ್ರಿ. ಎದಿಮಟ ಇಳದಿದ್ಲು. ಇನ್ನಾ ಮಾತಾಡಾಕತ್ತಿದ್ಲು. ಹಗ್ಗ ಹಾಕಿದ್ವಿ, ಬರ್ಲಿಲ್ಲ. ಜೆಸಿಬಿ ಕಳಸ್ರಿ ಅಂತ ದೇವರಾಜ್ ಸಾಹೇಬ್ರ ಕಾಲ ಹಿಡದೆ. ಜೆಸಿಬಿ ಇಳದ್ರ ಹಳ್ಳಕ್ಕ ಕೆಸರ ಬಿಡೂದು ಊರಿಗೆಲ್ಲಾ ಗೊತ್ತಾಗ್ತದ ಅಂದ್ರು."

"ವರ್ಷವಿಡೀ ಸುಮ್ಮನಿದ್ದೆಯಲ್ಲ?"

"ಇನ್ನ ಮ್ಯಾಲ ಹಳ್ಳಕ್ಕ ಕೆಸರ ಬಿಡೂದಿಲ್ಲ ಅಂತ ಸಾಹೇಬ್ರು ಅಂದಿದ್ರು. ನಿನ್ನಿ ಮತ್ತ ವಾಲ್ವ್ ತಿರುವು ಅಂದ್ರು. ಅಷ್ಟೂ ಕೆಸರ ಬಿಟ್ಟಾಂವ ನಾನೇರಿ. ಆಕಿ ಹೋದ ಜಾಗದ ಮ್ಯಾಲ ಮತ್ತ ಹ್ಯಾಂಗ ಬಿಡ್ಲಿ?"

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಠಾಣೆಯ ಬೆಂಚಿನ ಮೇಲೆ ಕೂತಿದ್ದ ಕೃಪಾಳಿಗೆ ಸುಮಂಗಲಾ ನಡೆದದ್ದನ್ನೆಲ್ಲ ಹೇಳಿದರು. ಅವಳು ಕೇಳಿಸಿಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋದ ವರ್ಷ ನಮ್ಮನೆಯವ್ರು ಎರಡು ದಿನ ಅನ್ನ ಮುಟ್ಲಿಲ್ಲ ಮೇಡಂ," ಎಂದಳು. "ಎಷ್ಟು ಕೇಳಿದ್ರೂ ಯಾಕೆ ಅಂತ ಹೇಳ್ಲಿಲ್ಲ."