ಒಡೆಯನ ನಂತರ ಉಳಿದ ಲೆಂಕ

ಕಲ್ವೊಳಲ ಪಟ್ಟಣದ ಮೂಡಣ ಹೆಬ್ಬಾಗಿಲಲ್ಲಿ ಅಂದು ಸಂತೆಯ ಗದ್ದಲ. ಉಪ್ಪಿನ ಹೇರು ಹೊತ್ತ ಎತ್ತುಗಳ ಸಾಲು, ಕೆರೆಯಲ್ಲಿ ಮಿಂದು ಮೈಯಿಂದ ನೀರು ಸುರಿಸುತ್ತ ಬರುವ ಪಟ್ಟದಾನೆ, ಅದಕ್ಕೂ ದಾರಿ ಬಿಡದೆ ಜಗಳಕ್ಕೆ ನಿಂತ ಹೂವಾಡಗಿತ್ತಿಯರು. ಬಾಗಿಲ ಪಕ್ಕದಲ್ಲಿ ಕಲ್ಕುಟಿಗ ಬೀರೋಜ ವೀರಗಲ್ಲು ಕೆತ್ತುತ್ತಿದ್ದ. ಗಡಿಯ ಕಾಳಗದಲ್ಲಿ ಮಡಿದ ಅರಸ ಗೊಗ್ಗಿದೇವನದು ದೊಡ್ಡ ಆಕೃತಿ. ಕಾಲಬಳಿ ಅವನ ಲೆಂಕ ಕೇತಮಲ್ಲನದು ಚಿಕ್ಕದು. ಲೆಂಕನೆಂದರೆ, ಒಡೆಯ ಸತ್ತಂದೇ ತಾನೂ ಸಾಯುವೆನೆಂದು ಆಣೆಯಿಟ್ಟು ಎಡಗಾಲಿಗೆ ಕಡಗ ತೊಟ್ಟ ಆಳು.

ಆ ಗದ್ದಲದ ನಡುವೆ ಒಂದು ಬಂಡಿ ಬಂತು. ಹುಲ್ಲಿನ ಮೇಲೆ ಕೇತಮಲ್ಲ ಮಲಗಿದ್ದ. ತೊಡೆ ಸೀಳಿತ್ತು. ಜೀವವಿತ್ತು.

ಬೀರೋಜನ ಉಳಿ ನಿಂತಿತು. "ಏನಯ್ಯಾ, ನಿನ್ನ ಮೀಸೆ ಈಗಷ್ಟೇ ಕೆತ್ತಿ ಮುಗಿಸಿದೆನಲ್ಲ!"

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಮಾಳಬ್ಬೆ ಎಲ್ಲಿ?" ಎಂದು ಕೇತಮಲ್ಲ ಕೇಳಿದ.

ಬೀರೋಜ ತಲೆ ತಗ್ಗಿಸಿದ. ಅರಸ ಸತ್ತ ಸುದ್ದಿ ಬಂದಿತ್ತು. ಲೆಂಕನ ಹೆಂಡತಿಗೆ ಬೇರೆ ಸುದ್ದಿ ಬೇಕೆ? ಅರಸನಿಲ್ಲವೆಂದರೆ ಗಂಡನಿಲ್ಲ. ಮಾಳಬ್ಬೆ ಮನೆ ಗುಡಿಸಿ, ಕದ ಮುಂದೆ ಮಾಡಿ, ಉರಿಯುವ ಕೊಂಡ ಹೊಕ್ಕಿದ್ದಳು.

ಮಠದ ಆರೋಗ್ಯಶಾಲೆಯಲ್ಲಿ ವೈದ್ಯ ನಾಗಾರ್ಯರು ಗಾಯ ಹೊಲಿದರು. ಮಾಂಸ ಕೂಡಿತು, ಮೊಣಕಾಲು ಮಡಿಸಲು ಬರಲಿಲ್ಲ. ಕೇತಮಲ್ಲ ಗೋಡೆ ಹಿಡಿದು ನಡೆಯುವುದನ್ನು ಕಲಿತ. ಅನ್ನ ಬಂದರೆ ಮೊದಲು ಪಕ್ಕಕ್ಕೆ ನೋಡುತ್ತಿದ್ದ. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಒಂದು ದಿನ ಇರುಂಗದೇವನೇ ಬಂದ. ಮಡಿದ ಅರಸನ ತಮ್ಮ. ಹಸುಳೆ ಕುಮಾರನ ಹೆಸರಿನಲ್ಲಿ ರಾಜ್ಯವಾಳುತ್ತಿದ್ದವನು. ಹಿಂದೆ ತಟ್ಟೆಯಲ್ಲಿ ಪಟ್ಟೆ ವಸ್ತ್ರ, ಗಂಧ, ಹೂಮಾಲೆ.

"ಗಾಯ ಮಾಯಿತಂತೆ, ಲೆಂಕ. ಸಂತೋಷ. ಆಣೆ ತೀರಿಸಲು ಮುಹೂರ್ತ ಇಡಿಸೋಣವೆ? ಹೆಂಡತಿಗಿದ್ದ ನಾಚಿಕೆ ನಿನಗಿಲ್ಲವೆ?"

ಕೇತಮಲ್ಲ ತಟ್ಟೆಯನ್ನು ನೋಡಿದ. ಅಣ್ಣನ ಬೆನ್ನಿಗೆ ಈಟಿ ಹಾಕಿಸಿದವನು ಇವನೇ. ಲೆಂಕ ಕಣ್ಣಾರೆ ಕಂಡಿದ್ದ. "ನನ್ನ ಹಿಂದೆ ಬರಬೇಡ, ಮಗುವನ್ನು ಕಾಯಿ" ಎಂಬ ಒಡೆಯನ ಕಡೆಯ ಮಾತನ್ನೂ ಅವನೊಬ್ಬನೇ ಕೇಳಿದ್ದ. ಇದನ್ನು ಹೇಳಿ ಸತ್ತರೆ ಲೋಕ ನಂಬೀತು, ಸಾಯುವ ಲೆಂಕ ಸುಳ್ಳಾಡುವುದಿಲ್ಲವೆಂದು. ಆದರೆ ಮಗು ಈ ಚಿಕ್ಕಪ್ಪನ ಕೈಯಲ್ಲೇ ಉಳಿದೀತು. ಬದುಕಿ ಹೇಳಿದರೆ ನಂಬುವವರಿಲ್ಲ.

"ಸಭೆಯಲ್ಲಿ ಹೇಳುತ್ತೇನೆ, ಪ್ರಭೂ" ಎಂದ.

ಸಭೆ ತುಂಬಿತ್ತು. ರಾಣಿ ಸಾಂತಬ್ಬೆ ಕುಮಾರನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕೇತಮಲ್ಲ ಊರುಗೋಲು ಬದಿಗಿಟ್ಟು, ನೆಲದ ಮೇಲೆ ಕುಸಿದು ಕೂತು, ಎಡಗಾಲಿನ ಕಡಗ ಎಳೆದು ತೆಗೆದ. ಸಭೆ ಹಾ ಎಂದಿತು.

"ಅರಸರ ಬೆನ್ನಿಗೆ ಬಿದ್ದ ಈಟಿ ಹಗೆಯದಲ್ಲ. ಇರುಂಗದೇವರ ಮೈಗಾವಲಿನದು. ಕುಮಾರನನ್ನು ಕಾಯೆಂದು ಒಡೆಯರ ಅಪ್ಪಣೆಯಾಯಿತು. ಅದಕ್ಕೆ ಬದುಕಿದ್ದೇನೆ."

"ಕೇಳಿದವರು ಯಾರು?" ಇರುಂಗದೇವ ನಗುತ್ತಲೇ ಕೇಳಿದ.

"ಯಾರೂ ಇಲ್ಲ."

"ಸಾಯಲು ಹೆದರಿದವನು ಕತೆ ಕಟ್ಟಿದ್ದಾನೆ!"

"ಬಳೆ ತೊಡಿಸಿರೋ ಅವನಿಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

ನಗೆ ಇಳಿಯುವ ತನಕ ಕೇತಮಲ್ಲ ಕಾದ. "ನಂಬಬೇಡಿ. ಕೇಳಿದ್ದೀರಿ, ಅಷ್ಟು ಸಾಕು. ಕುಮಾರನಿಗೆ ಏನಾದರೂ ಆದರೆ ಈ ಮಾತು ನೆನಪಾಗುತ್ತದೆ. ನನಗೆ ಏನಾದರೂ ಆದರೂ ನೆನಪಾಗುತ್ತದೆ."

ವೃದ್ಧ ಮಂತ್ರಿಯ ದೃಷ್ಟಿ ಮಗುವಿನ ಮೇಲೆ ಹೋಯಿತು. ಅಲ್ಲಿಂದ ಮೆಲ್ಲನೆ ಇರುಂಗದೇವನ ಕಡೆ ತಿರುಗಿತು. ಇನ್ನು ಮಗುವನ್ನಾಗಲಿ ಲೆಂಕನನ್ನಾಗಲಿ ಮುಟ್ಟುವಂತಿಲ್ಲವೆಂದು ಇರುಂಗದೇವನಿಗೆ ಆಗಲೇ ತಿಳಿಯಿತು.

"ಹೇಡಿ ಬದುಕಿಕೊಳ್ಳಲಿ" ಎಂದು ಎದ್ದುಹೋದ.

ಮಾಳಬ್ಬೆ ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಹೊಯ್ಯುತ್ತಿದ್ದ ಅರವಟ್ಟಿಗೆಯೊಂದಿತ್ತು. ಕೇತಮಲ್ಲ ಅಲ್ಲಿ ಕುಳಿತ. ಒಡೆಯನನ್ನು ಬಿಟ್ಟುಳಿದವನ ಕೈನೀರು ಯಾರಿಗೂ ಬೇಡವಾಯಿತು. ಒಣಗಿದ ಗಂಟಲಲ್ಲೇ ದಾಟಿಹೋಗುತ್ತಿದ್ದರು. ಸಂಜೆ ಕೊಡದ ನೀರನ್ನು ಮರದ ಬುಡಕ್ಕೆ ಸುರಿಯುತ್ತಿದ್ದ. "ಇವತ್ತೂ ಯಾರೂ ಬರಲಿಲ್ಲ ಕಣೆ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ರಾಣಿಯ ಪಲ್ಲಕ್ಕಿ ಅಲ್ಲಿ ಇಳಿಯಿತು. ಸಭೆಯ ದಿನದಿಂದ, ತಾನು ಮೊದಲು ರುಚಿ ನೋಡದೆ ಸಾಂತಬ್ಬೆ ಮಗುವಿಗೆ ಏನನ್ನೂ ಕೊಡುತ್ತಿರಲಿಲ್ಲ. ಪಟ್ಟಣಕ್ಕೆಲ್ಲ ಗೊತ್ತಿದ್ದ ಸಂಗತಿ.

"ಲೆಂಕ, ಮಗುವಿಗೆ ಬಾಯಾರಿದೆ."

"ನಾನೀಗ ಲೆಂಕನಲ್ಲ, ತಾಯಿ."

"ನೀರು ಹೊಯ್ಯಯ್ಯ."

ಹೊಯ್ದ. ಅವಳು ರುಚಿ ನೋಡಲಿಲ್ಲ. ಮಗು ಪುಟ್ಟ ಬೊಗಸೆಯಲ್ಲಿ ಹಿಡಿದು ನೇರವಾಗಿ ಕುಡಿಯಿತು, ಮತ್ತೆ ಒಡ್ಡಿತು. ದಾರಿಯಲ್ಲಿದ್ದವರೆಲ್ಲ ನಿಂತು ನೋಡಿದರು.

ಪಲ್ಲಕ್ಕಿ ಹೋದ ಮೇಲೆ ಸೌದೆ ಹೊರೆಯವನೊಬ್ಬ ಹೊರೆ ಇಳಿಸಿ, ಬೊಗಸೆಯೊಡ್ಡಿ ಬಗ್ಗಿದ. ಕೇತಮಲ್ಲ ಅವಸರದಿಂದ ಕೊಡ ಬಗ್ಗಿಸಿದ, ನೀರು ಅರ್ಧ ಹೊರಗೇ ಚೆಲ್ಲಿತು.

"ಸಾವಕಾಶ ಹೊಯ್ಯಣ್ಣ" ಎಂದ ಅವನು. "ನಾನೆಲ್ಲಿಗೂ ಹೋಗುವುದಿಲ್ಲ."